ಮಾಜಿ ಯೋಧರ ಅಂಗವೈಕಲ್ಯ ಪಿಂಚಣಿ: ಕೀಲುನೋವು ಮತ್ತು ಮನೋವ್ಯಾಧಿ

ಗುಂಡೇಟಿನ ಗಾಯಕ್ಕೆ ಪರಿಹಾರವುಂಟೆಂಬುದನ್ನು ಎಲ್ಲರೂ ಬಲ್ಲರು. ಭಾರ ಹೊತ್ತು ಬೆಟ್ಟಗಳನ್ನು ಹತ್ತಿಳಿದು ಸವೆದ ಮೊಣಕಾಲಿಗೆ, ನಿದ್ರೆಯನ್ನು ಕಸಿದುಕೊಂಡ ಮನೋವ್ಯಾಧಿಗೆ ಸಹ ಪಿಂಚಣಿ ಕೋರಬಹುದೆಂಬುದು ಅನೇಕ ಕುಟುಂಬಗಳಿಗೆ ತಿಳಿದಿಲ್ಲ.

ರೋಗವು ಸೇನಾ ಸೇವೆಯಿಂದ ಉಂಟಾಗಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ಅಂಗವೈಕಲ್ಯದ ಪ್ರಮಾಣವು ಸಾಮಾನ್ಯವಾಗಿ ಶೇಕಡಾ 20ಕ್ಕೆ ಕಡಿಮೆಯಿರಬಾರದು. ‘ಉಲ್ಬಣಿಸಿರಬೇಕು’ ಎಂಬ ಮಾತನ್ನು ಓದುಗರು ವಿಶೇಷವಾಗಿ ಗಮನಿಸತಕ್ಕದ್ದು. ಮೂಲ ಕಾರಣ ಬೇರೆಯಾಗಿದ್ದರೂ ಸೇವೆಯ ಪರಿಸ್ಥಿತಿಯಿಂದ ರೋಗ ಹೆಚ್ಚಿದ್ದರೆ ಸಾಕು.

ಇದನ್ನು ನಿರ್ಣಯಿಸುವುದು ಬಿಡುಗಡೆಯ ಸಮಯದಲ್ಲಿ ಸೇರುವ ವೈದ್ಯಕೀಯ ಮಂಡಳಿ. 1982ರ ನಿಯಮಗಳಂತೆ ರುಜುವಾತಿನ ಹೊಣೆ ಯೋಧನ ಮೇಲಿರಲಿಲ್ಲ. ಅಪಸ್ಮಾರದಿಂದ ಸೇವೆ ತೊರೆಯಬೇಕಾದ ಧರಮ್‌ವೀರ್ ಸಿಂಗ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಇದನ್ನು ಎತ್ತಿಹಿಡಿಯಿತು. ಸೇರುವಾಗ ರೋಗದ ದಾಖಲೆಯಿಲ್ಲದಿದ್ದರೆ ಅದು ಸೇವೆಯಿಂದ ಬಂದುದೆಂದು ಭಾವಿಸಬೇಕು. ಅಲ್ಲವೆನ್ನುವ ಮಂಡಳಿಯು ಕಾರಣಗಳನ್ನು ಬರೆದಿಡಬೇಕು. ಹಾಗೆಂದು ಮನೋವ್ಯಾಧಿಯ ಕೋರಿಕೆಗಳೆಲ್ಲ ತಾನಾಗಿ ಮಂಜೂರಾಗುವುದಿಲ್ಲ. ಸೇರ್ಪಡೆಯ ಪರೀಕ್ಷೆಯಲ್ಲಿ ಮನೋರೋಗ ಪತ್ತೆಯಾಗುವುದು ಕಷ್ಟವೆಂಬ ಕಾರಣದಿಂದ 2019ರಲ್ಲಿ ನರಸಿಂಗ್ ಯಾದವ್ ಮೊಕದ್ದಮೆಯಲ್ಲಿ ಇದೇ ನ್ಯಾಯಾಲಯವು ಸ್ಕಿಜೋಫ್ರೇನಿಯಾದ ಕೋರಿಕೆಯನ್ನು ಒಪ್ಪಲಿಲ್ಲ. ನಿಯಮಗಳು 2008ರಲ್ಲಿಯೂ 2023ರಲ್ಲಿಯೂ ಬದಲಾಗಿವೆ. ಆದುದರಿಂದ ಬಿಡುಗಡೆಯ ದಿನಾಂಕವನ್ನು ಮೊದಲು ನೋಡಿಕೊಳ್ಳುವುದು ಕ್ಷೇಮ.

ದುರ್ದೈವವೆಂದರೆ, ಕಾಗದವಿಲ್ಲದ ನೋವಿಗೆ ಬೆಲೆ ಕಡಿಮೆ. ಬಡ್ತಿ ತಪ್ಪೀತೆಂದು ಮೊಣಕಾಲಿನ ನೋವನ್ನು ನುಂಗಿಕೊಂಡವರು, ಅವಮಾನವೆಂದು ಮನದ ಬಾಧೆಯನ್ನು ಮುಚ್ಚಿಟ್ಟವರು ನಿವೃತ್ತಿಯ ನಂತರ ಬರಿಗೈಯಲ್ಲಿ ನಿಲ್ಲುತ್ತಾರೆ. ಸೇವೆಯಲ್ಲಿರುವಾಗಲೇ ವೈದ್ಯರಿಗೆ ತಿಳಿಸಿ ದಾಖಲೆ ಮಾಡಿಸಬೇಕು. ಯಾವ ವರ್ಷ ಯಾವ ಗಡಿಯಲ್ಲಿ ಅಥವಾ ಎತ್ತರದ ಪ್ರದೇಶದಲ್ಲಿದ್ದರು, ರೋಗ ಮೊದಲು ಎಲ್ಲಿ ಕಾಣಿಸಿತು ಎಂಬ ವಿವರಗಳು, ಅದರಲ್ಲಿಯೂ ಮನೋವ್ಯಾಧಿಯ ಪ್ರಕರಣಗಳಲ್ಲಿ, ಬಹಳ ತೂಕವುಳ್ಳವು.

ಮೊಬಲಗಿನ ಲೆಕ್ಕ ಇಂತಿದೆ. 2023ರ ನಿಯಮಗಳಿಗೆ ಮುಂಚಿನ ಪ್ರಕರಣಗಳಲ್ಲಿ ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30ರಷ್ಟು ಅಂಗವೈಕಲ್ಯ ಭಾಗ ಸಲ್ಲುತ್ತದೆ. ಶೇಕಡಾ 50ಕ್ಕಿಂತ ಕಡಿಮೆಯಾದುದನ್ನು 50 ಎಂದೇ ಪರಿಗಣಿಸುವ ಪದ್ಧತಿಯಿರುವುದರಿಂದ, ಶೇಕಡಾ 30ರ ಕೀಲುರೋಗಕ್ಕೆ ವೇತನದ ಶೇಕಡಾ 15 ದೊರೆಯುತ್ತದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ಸೌಲಭ್ಯವುಂಟೆಂದು 2014ರ ರಾಮ್ ಅವತಾರ್ ತೀರ್ಪು ಸ್ಪಷ್ಟಪಡಿಸಿತು.

ಕೋರಿಕೆ ತಿರಸ್ಕೃತವಾದರೆ ಇಲಾಖೆಯಲ್ಲಿ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರದ ಪತ್ರವನ್ನೂ ಮಂಡಳಿಯ ವರದಿಯ ಪ್ರತಿಯನ್ನೂ ಜೋಪಾನವಾಗಿಡತಕ್ಕದ್ದು. ಅಲ್ಲಿಯೂ ಫಲಿಸದಿದ್ದಲ್ಲಿ 2007ರ ಅಧಿನಿಯಮದಂತೆ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಾಧಿಕರಣವಿದೆ. ದೆಹಲಿ, ಮುಂಬಯಿ, ಚೆನ್ನೈಗಳಲ್ಲಿ ಅದರ ಪೀಠಗಳಿವೆ. ಅರ್ಜಿ ಬರೆಯಲು ಜಿಲ್ಲಾ ಸೈನಿಕ ಮಂಡಳಿಯ ನೆರವು ಪಡೆಯಬಹುದು.

ಪಿಂಚಣಿಯ ತೀರ್ಮಾನ ತಡವಾಗಬಹುದು, ಚಿಕಿತ್ಸೆ ತಡವಾಗಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸೇನಾ ಸಿಬ್ಬಂದಿಗಾಗಿ ಅದರ ಪ್ರತ್ಯೇಕ ಘಟಕವೊಂದು 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು.