ಫ್ರೆಂಚಿನ ‘ಪಾರ್ಲೇ’, ನಮ್ಮ ‘ಮಾತಾಡಲು’



ಕನ್ನಡ ಸಂಘದ ಪುಟದಲ್ಲಿ ಫ್ರೆಂಚ್ ವ್ಯಾಕರಣ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರ್ಯಕಾರಿ ಸಮಿತಿಯಲ್ಲೇ ಹಿರಿಯರೊಬ್ಬರು ಈ ಮಾತು ಕೇಳಿದರು. ಕಾರಣ ಹೇಳಿ ಮುಂದುವರಿಯುತ್ತೇವೆ.

ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಹತ್ತನೆಯ ತರಗತಿಯವರೆಗೆ ನಮ್ಮ ಮಕ್ಕಳು ತಮಿಳನ್ನು ಮೊದಲ ಭಾಷೆಯಾಗಿ ಓದುತ್ತಾರೆ. ಪ್ಲಸ್ ಒನ್‌ಗೆ ಬಂದಾಗ ಆ ಜಾಗದಲ್ಲಿ ಬೇರೆ ಭಾಷೆ ಆರಿಸಿಕೊಳ್ಳಲು ಅವಕಾಶವಿದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ, ಫ್ರೆಂಚೂ ಇದೆ. ಪ್ಲಸ್ ಟೂ ಪರೀಕ್ಷೆಯ 600 ಅಂಕಗಳಲ್ಲಿ ಭಾಷೆಗೆ 100. ಫ್ರೆಂಚಿನಲ್ಲಿ ಅಂಕ ಸುಲಭವಾಗಿ ಬರುತ್ತದೆ ಎಂಬ ಮಾತು ಕೇಳಿ ಹಲವರು ಅತ್ತ ಹೋಗುತ್ತಾರೆ. ಕನ್ನಡ ಕಲಿಸುವವರು ಸಿಗದೆ ಹೋಗುವವರೂ ಇದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಕೆಲವು ವಾರಗಳ ಹಿಂದೆ ಗೂಡಲೂರಿನ ಕಡೆಯ ಸದಸ್ಯರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಫ್ರೆಂಚ್ ಕಿರುಪರೀಕ್ಷೆಯಲ್ಲಿ ಅಂಕ ಹೋಗಿತ್ತು. “ಇನ್ಫಿನಿಟಿವ್ ಅಂದ್ರೆ ಏನೂಂತಾನೇ ತಿಳೀತಿಲ್ಲ ಅಂಕಲ್. ನಂಗೆ ಭಾಷೆ ತಲೆಗೇ ಹತ್ತಲ್ಲ” ಎಂದಳು. ಆಕೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪಕ್ಕದ ಮನೆಯವರೊಡನೆ ಮಲಯಾಳಂ ಆಡುವವಳು. ಮೂರು ಭಾಷೆ ನಾಲಿಗೆಯ ಮೇಲಿರುವ ಮಗು ತನಗೆ ಭಾಷೆ ಬಾರದು ಎಂದರೆ ಸುಮ್ಮನಿರಲು ನಮ್ಮಿಂದ ಆಗಲಿಲ್ಲ. ಪುದುಚ್ಚೇರಿಯಲ್ಲಿ ಫ್ರೆಂಚ್ ಓದಿದ, ನಮ್ಮ ಸದಸ್ಯರೊಬ್ಬರ ಸೊಸೆಯನ್ನು ಕೂರಿಸಿಕೊಂಡು ಅಂದು ನಡೆಸಿದ ಪಾಠವನ್ನೇ ಇಲ್ಲಿ ಕೊಡುತ್ತಿದ್ದೇವೆ. ಫ್ರೆಂಚ್ ಉಚ್ಚಾರವನ್ನು ಕನ್ನಡದಲ್ಲಿ ಹತ್ತಿರ ಹತ್ತಿರವಾಗಿ ಬರೆದಿದ್ದೇವೆ.

ಮೊದಲು ನಮ್ಮ ಮನೆಯದು

ಸಂಘದ ನೋಟೀಸಿನಲ್ಲಿ “ಸಭೆಗೆ ಹಾಜರಾಗಲು ಕೋರುತ್ತೇವೆ” ಎಂದು ಬರೆಯುತ್ತೇವೆ. ಈ ‘ಹಾಜರಾಗಲು’ ಎಂಬಲ್ಲಿ ಯಾರು ಹಾಜರಾಗುವುದು, ನಿನ್ನೆಯೋ ನಾಳೆಯೋ ಏನೂ ಇಲ್ಲ. ‘ಹಾಜರಾದೆ’, ‘ಹಾಜರಾಗುತ್ತಾಳೆ’ ಎಂದರೆ ಆಳೂ ಕಾಲವೂ ಬಂದು ಸೇರುತ್ತವೆ. ಆಳು, ಕಾಲ ಎರಡೂ ಅಂಟದ ಕ್ರಿಯೆಯ ರೂಪವೇ ಇನ್ಫಿನಿಟಿವ್. ನಮ್ಮ ಶಾಲಾ ವ್ಯಾಕರಣದಲ್ಲಿ ‘ಮಾಡಲು’, ‘ಮಾಡಲಿಕ್ಕೆ’ ಎಂಬಂಥವನ್ನು ಕೃದಂತಾವ್ಯಯಗಳ ಸಾಲಿನಲ್ಲಿ ಇಟ್ಟಿದ್ದಾರೆ. ಮಾತಿನಲ್ಲಿ ನಾವು ‘ಮಾಡೋಕೆ’, ‘ಮಾಡಕ್ಕೆ’ ಎನ್ನುತ್ತೇವೆ.

ಇನ್ನೊಂದು ರೂಪ ಕಣ್ಣಿಗೆ ಬೀಳದೆ ಅಡಗಿದೆ. ‘ಹೋಗಬೇಕು’ ಎಂಬುದನ್ನು ಬಿಡಿಸಿದರೆ ‘ಹೋಗ’ ಮತ್ತು ‘ಬೇಕು’. ಹೋಗಬಹುದು, ಹೋಗಬಾರದು, ಹೋಗಬಲ್ಲೆ, ಎಲ್ಲದರಲ್ಲೂ ಅದೇ ‘ಹೋಗ’. ತಮಿಳಿನಲ್ಲಿ ‘ಪೋಗ ವೇಂಡುಂ’ ಎಂದು ಎರಡೂ ಬೇರೆ ಬೇರೆಯಾಗಿ ನಿಲ್ಲುವುದರಿಂದ ಇದು ಸ್ಪಷ್ಟವಾಗಿ ಕಾಣುತ್ತದೆ. ಗೂಡಲೂರಿನ ಪೇಟೆಯಲ್ಲಿ ಕೇಳುವ ಮಲಯಾಳಂನ ‘ಪೋಗಾನ್’ ನಮ್ಮ ‘ಹೋಗಲು’ ಮಾಡುವ ಕೆಲಸವನ್ನೇ ಮಾಡುತ್ತದೆ. ಅಂದರೆ ಹುಡುಗಿ ತಿಳಿಯದು ಎಂದ ವಸ್ತು ಮೂರು ಭಾಷೆಯಲ್ಲಿ ಆಕೆಯ ಬಳಿ ಆಗಲೇ ಇತ್ತು.

ಫ್ರೆಂಚಿನಲ್ಲಿ ಗುರುತಿಸುವುದು ಹೇಗೆ

ಕನ್ನಡ ನಿಘಂಟು ತೆರೆದರೆ ‘ಮಾಡು’, ‘ಹೋಗು’ ಎಂಬ ಧಾತು ಸಿಗುತ್ತದೆ. ಫ್ರೆಂಚ್ ನಿಘಂಟಿನಲ್ಲಿ ಸಿಗುವುದು ಇನ್ಫಿನಿಟಿವ್. ಅದರ ಕೊನೆಯ ಅಕ್ಷರ ನೋಡಿ ಕ್ರಿಯಾಪದಗಳನ್ನು ಮೂರು ಗುಂಪು ಮಾಡುತ್ತಾರೆ.

ಮೊದಲ ಗುಂಪಿನ ಕೊನೆಯಲ್ಲಿ ‘ಇ, ಆರ್’ ಅಕ್ಷರಗಳು: ಪಾರ್ಲೇ (ಮಾತಾಡಲು), ಮಾಂಝೇ (ತಿನ್ನಲು). ಇಲ್ಲಿ ಕೊನೆಯ ‘ಆರ್’ ಉಚ್ಚಾರವಾಗದು. ಅತಿ ಹೆಚ್ಚು ಕ್ರಿಯಾಪದಗಳು ಇಲ್ಲೇ ಇವೆ. ಹೊಸದಾಗಿ ಹುಟ್ಟುವವೂ ಸಾಮಾನ್ಯವಾಗಿ ಇಲ್ಲಿಗೇ ಬರುತ್ತವೆ.

ಎರಡನೆಯದರ ಕೊನೆಯಲ್ಲಿ ‘ಐ, ಆರ್’: ಫಿನೀರ್ (ಮುಗಿಸಲು). ಇಲ್ಲಿ ‘ಆರ್’ ಕೇಳಿಸುತ್ತದೆ.

ಮೂರನೆಯದು ಉಳಿದವರ ಗುಂಪು: ವಾಂದ್ರ್ (ಮಾರಲು), ಫೇರ್ (ಮಾಡಲು), ಪೂವ್ವಾರ್ (ಸಾಧ್ಯವಾಗಲು). ‘ಹೋಗಲು’ ಎಂಬ ಅರ್ಥದ ‘ಆಲೇ’ ನೋಡಲು ಮೊದಲ ಗುಂಪಿನಂತಿದ್ದರೂ ಸೇರುವುದು ಇಲ್ಲಿಗೆ. ಇವನ್ನು ಒಂದೊಂದಾಗಿ ಬಾಯಿಪಾಠ ಮಾಡದೆ ವಿಧಿಯಿಲ್ಲ.

ಬಳಸುವುದು ಎಲ್ಲಿ

ಮುಖ್ಯ ನಿಯಮ ಒಂದೇ. ಒಬ್ಬರೇ ಮಾಡುವ ಎರಡು ಕ್ರಿಯೆಗಳು ಒಂದರ ಹಿಂದೆ ಒಂದು ಬಂದರೆ ಮೊದಲನೆಯದು ಆಳಿಗೆ ತಕ್ಕಂತೆ ಬದಲಾಗುತ್ತದೆ, ಎರಡನೆಯದು ಇನ್ಫಿನಿಟಿವ್ ಆಗಿಯೇ ಉಳಿಯುತ್ತದೆ. ‘ಝ ಪಾರ್ಲ್’ ಎಂದರೆ ‘ಮಾತಾಡುತ್ತೇನೆ’. ‘ಝ ವೊ ಪಾರ್ಲೇ’ ಎಂದರೆ ‘ಮಾತಾಡಲು ಬಯಸುತ್ತೇನೆ’. ಹುಡುಗಿ ‘ಝ ವೊ ಪಾರ್ಲ್’ ಎಂದು ಬರೆದು ಅಂಕ ಕಳೆದುಕೊಂಡಿದ್ದಳು. ಅದು ಕನ್ನಡದಲ್ಲಿ ‘ಮಾತಾಡುತ್ತೇನೆ ಬಯಸುತ್ತೇನೆ’ ಎಂದಂತೆ. ಹಾಗೆ ಓದಿ ಹೇಳಿದಾಗ ಆಕೆಗೇ ನಗು ಬಂತು.

ನಮ್ಮಲ್ಲಿ ‘ಮಾತಾಡಲು’ ಮೊದಲು, ‘ಬಯಸುತ್ತೇನೆ’ ಕೊನೆಗೆ. ಫ್ರೆಂಚಿನಲ್ಲಿ ಇದು ತಿರುಗುಮುರುಗು. ಇದೇ ಅಚ್ಚಿನಲ್ಲಿ ಇನ್ನೂ ಕೆಲವು:

- ಝ ದ್ವಾ ಪಾರ್ಲೇ: ನಾನು ಮಾತಾಡಬೇಕು (ಕರ್ತವ್ಯ).
- ಇಲ್ ಫೋ ಪಾರ್ಲೇ: ಮಾತಾಡಬೇಕು (ಯಾರೆಂದು ಹೇಳದೆ).
- ಝ ವೇ ಪಾರ್ಲೇ: ಇನ್ನೇನು ಮಾತಾಡುತ್ತೇನೆ.
- ಪೂರ್ ಪಾರ್ಲೇ: ಮಾತಾಡುವುದಕ್ಕಾಗಿ.
- ಸಾಂ ಪಾರ್ಲೇ: ಮಾತಾಡದೆ.

ಕೊನೆಯ ಎರಡರಂತೆ ಪುಟ್ಟ ಪದವೊಂದರ ನಂತರವೂ ಇನ್ಫಿನಿಟಿವ್ ಬರುತ್ತದೆ. ‘ಆರಂಭಿಸು’ ಎಂಬ ಕೊಮಾಂಸೇ ಆದ ಮೇಲೆ ‘ಆ’, ‘ಪ್ರಯತ್ನಿಸು’ ಎಂಬ ಎಸೆಯೇ ಆದ ಮೇಲೆ ‘ದ’ ಸೇರಿಸಿ ಇನ್ಫಿನಿಟಿವ್ ಬರೆಯಬೇಕು. ಯಾವುದಕ್ಕೆ ಯಾವುದು ಎಂಬುದನ್ನು ಕ್ರಿಯಾಪದದ ಜೊತೆಗೇ ಕಲಿಯುವುದು ಒಳ್ಳೆಯದು.

ಒಂದು ಕಡೆ ಇಂಗ್ಲಿಷಿಗಿಂತ ಕನ್ನಡವೇ ಹೆಚ್ಚು ನೆರವಾಗುತ್ತದೆ. ‘ಈಜೋಕೆ ಬರುತ್ತೆ’ ಮತ್ತು ‘ಈಜೋಕೆ ಆಗುತ್ತೆ’ ನಮಗೆ ಬೇರೆ ಬೇರೆ. ಒಂದು ಕಲಿತದ್ದು, ಇನ್ನೊಂದು ಇಂದು ಸಾಧ್ಯವಾಗುವುದು. ಇಂಗ್ಲಿಷಿನ ‘ಕ್ಯಾನ್’ ಎರಡಕ್ಕೂ ನಡೆಯುತ್ತದೆ. ಫ್ರೆಂಚಿನಲ್ಲಿ ನಮ್ಮಂತೆಯೇ ಎರಡು: ‘ಝ ಸೇ ನಾಝೇ’ ಎಂದರೆ ಈಜಲು ಬರುತ್ತದೆ, ‘ಝ ಪೊ ನಾಝೇ’ ಎಂದರೆ ಈಜಲು ಆಗುತ್ತದೆ.

ಸೂಚನಾ ಫಲಕಗಳಲ್ಲೂ ಇನ್ಫಿನಿಟಿವ್ ಕಾಣುತ್ತದೆ. ‘ನ ಪಾ ಫ್ಯುಮೇ’ ಎಂದರೆ ‘ಧೂಮಪಾನ ಮಾಡಬಾರದು’. ಮುದುಮಲೆಯ ಕಾಡಿನ ರಸ್ತೆಗೆ ‘ವಾಹನ ನಿಲ್ಲಿಸಬಾರದು’ ಎನ್ನುವ ಧಾಟಿಯೇ ಅದು. ಸಾಮಾನ್ಯ ವಾಕ್ಯದಲ್ಲಿ ‘ನ’ ಮತ್ತು ‘ಪಾ’ ಕ್ರಿಯಾಪದದ ಆಚೆ ಈಚೆ ನಿಲ್ಲುತ್ತವೆ. ಇನ್ಫಿನಿಟಿವ್ ಬಂದಾಗ ಎರಡೂ ಒಟ್ಟಿಗೆ ಮುಂದೆ ಬರುತ್ತವೆ.

ಕಿವಿಗೆ ಒಂದೇ, ಬರಹದಲ್ಲಿ ಬೇರೆ

‘ಮಾತಾಡಲು’, ‘ಮಾತಾಡಿದ’, ‘ನೀವು ಮಾತಾಡುತ್ತೀರಿ’ ಈ ಮೂರೂ ಫ್ರೆಂಚಿನಲ್ಲಿ ‘ಪಾರ್ಲೇ’ ಎಂದೇ ಕೇಳಿಸುತ್ತವೆ. ಕೊನೆಯ ಅಕ್ಷರಗಳು ಮಾತ್ರ ಬೇರೆ. ಫ್ರಾನ್ಸಿನ ಮಕ್ಕಳೂ ಇಲ್ಲಿ ಎಡವುತ್ತಾರೆ. ಅಲ್ಲಿನ ಶಾಲೆಯಲ್ಲಿ ಹೇಳಿಕೊಡುವ ಉಪಾಯ ಹೀಗಿದೆ: ಆ ಜಾಗದಲ್ಲಿ ಮೂರನೆಯ ಗುಂಪಿನ ಪದವೊಂದನ್ನು ಇಟ್ಟು ನೋಡುವುದು. ‘ವಾಂದ್ರ್’ ಒಪ್ಪಿದರೆ ‘ಇ, ಆರ್’ ಬರೆಯಬೇಕು. ‘ಮಾರಿದ’ ಎಂಬ ಅರ್ಥದ ‘ವಾಂದ್ಯು’ ಒಪ್ಪಿದರೆ ಗೀಟು ಹಾಕಿದ ‘ಇ’. ನಮ್ಮ ಮಕ್ಕಳಿಗೆ ಇನ್ನೂ ಸುಲಭ. ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ‘-ಅಲು’ ಬರುತ್ತದೆಯೋ ‘-ಇದ’ ಬರುತ್ತದೆಯೋ ನೋಡಿದರೆ ಬಹಳಷ್ಟು ಕಡೆ ಉತ್ತರ ಸಿಗುತ್ತದೆ.

ಸಮಿತಿಯ ಹಿರಿಯರಿಗೆ ನಮ್ಮ ಉತ್ತರ

ಫ್ರೆಂಚರು ನಮ್ಮ ಭಾಷೆಗಳನ್ನು ಕಲಿಯದೆ ಬಿಟ್ಟವರಲ್ಲ. ಝೂಲ್ ಬ್ಲಾಕ್ ಎಂಬ ವಿದ್ವಾಂಸರು 1946ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ರಚನೆಯ ಬಗ್ಗೆ ಫ್ರೆಂಚಿನಲ್ಲೇ ಪುಸ್ತಕ ಬರೆದರು. ನಮ್ಮ ಈ ಬೆಟ್ಟದ, ಕನ್ನಡಕ್ಕೆ ತೀರ ಹತ್ತಿರದ ಬಡಗ ಭಾಷೆಯ ನಿಘಂಟು 1992ರಲ್ಲಿ ಹೊರಬಂದಾಗ ಪಾಲ್ ಹಾಕಿಂಗ್ಸ್ ಅವರ ಜೊತೆ ಕೆಲಸ ಮಾಡಿದವರು ಕ್ರಿಸ್ಟಿಯಾನ್ ಪಿಲೋ-ರಾಯಚೂರ್ ಎಂಬ ಫ್ರೆಂಚ್ ಭಾಷಾವಿಜ್ಞಾನಿ. ದೂರದವರು ನಮ್ಮ ಮಾತಿನ ಒಳಗನ್ನು ಇಷ್ಟು ಶ್ರದ್ಧೆಯಿಂದ ನೋಡಿರುವಾಗ ಆ ಮಾತನ್ನಾಡುವ ನಮ್ಮ ಮಕ್ಕಳೇ ಅದನ್ನು ನೋಡದೆ ಹೋದರೆ ನಷ್ಟ ಯಾರಿಗೆ?

ಅಂದು ಹುಡುಗಿ ನೋಟ್‌ಬುಕ್ಕಿನಲ್ಲಿ ಒಂದು ಬದಿಗೆ ಫ್ರೆಂಚ್ ಪದಗಳನ್ನು ಬರೆದಳು. ಇನ್ನೊಂದು ಬದಿಗೆ ಕನ್ನಡ ಬರೆಯಲು ಹೇಳಿದಾಗ ಪೆನ್ನು ನಿಂತಿತು. “ಓದಕ್ಕೆ ಸ್ವಲ್ಪ ಬರುತ್ತೆ ಅಂಕಲ್, ಬರೆಯಕ್ಕೆ ಬರಲ್ಲ” ಎಂದಳು. ತಿಳಿಯದೆಯೇ ಎರಡು ಇನ್ಫಿನಿಟಿವ್ ಬಳಸಿದ್ದಳು! ಆದರೆ ತಂದೆಯವರು ತಲೆ ತಗ್ಗಿಸಿದರು, ನಾವೂ ತಗ್ಗಿಸಿದೆವು. ಆಕೆ ಚಿಕ್ಕವಳಿದ್ದಾಗ ಭಾನುವಾರದ ಕನ್ನಡ ತರಗತಿಯನ್ನು ಮಕ್ಕಳು ಕಡಿಮೆ ಎಂದು ನಿಲ್ಲಿಸಿದವರು ನಾವೇ ಅಲ್ಲವೇ? ಕೊನೆಗೆ ಆಕೆ ‘ಮಾತಾಡಲು’, ‘ತಿನ್ನಲು’, ‘ಹೋಗಲು’ ಎಂದು ನೋಡಿಕೊಂಡು ಬರೆದಳು. ‘ನ’ಕ್ಕೆ ಒತ್ತು ಎಲ್ಲಿ ಹಾಕಬೇಕು ಎಂದು ಕೇಳಿದಳು.

ಆದ್ದರಿಂದ ತರಗತಿಯನ್ನು ಮತ್ತೆ ಆರಂಭಿಸಲು ಸಮಿತಿ ಒಪ್ಪಿದೆ. ಉದಕಮಂಡಲ, ಗೂಡಲೂರು, ಮಸಿನಗುಡಿಯ ಸದಸ್ಯರು ಮಕ್ಕಳನ್ನು ಕಳುಹಿಸಿಕೊಡಲು ಕೋರುತ್ತೇವೆ. ಫ್ರೆಂಚ್ ಪುಸ್ತಕವನ್ನೂ ತರಲಿ, ಅಡ್ಡಿಯಿಲ್ಲ. ಎರಡೇ ಇನ್ಫಿನಿಟಿವ್‌ಗಳಿಂದಾದ ಗಾದೆಯೊಂದು ಫ್ರೆಂಚಿನಲ್ಲಿದೆ: ‘ವೂಲ್ವಾರ್, ಸೇ ಪೂವ್ವಾರ್’. ಬಯಸುವುದೆಂದರೆ ಸಾಧ್ಯವಾಗುವುದು ಎಂದು ಅರ್ಥ. ನಮ್ಮವರು ಇದನ್ನೇ ‘ಮನಸ್ಸಿದ್ದರೆ ಮಾರ್ಗ’ ಎಂದಿದ್ದಾರೆ.

ಇಂತಿ,
ಕಾರ್ಯದರ್ಶಿ