ಇಪ್ಪತ್ಮೂರರ ಮಗ್ಗಿ ಸಾಲದು

ಕಳಮನಾ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸೀಸನ್ ಜೋರಾಗಿದ್ದ ದಿನಗಳಲ್ಲಿ ನನಗೆ ಆ ಇಮೇಲ್ ಬಂತು. ಹೊರಗೆ ಹಮಾಲರು ಚೀಲ ಇಳಿಸುತ್ತಿದ್ದರು, ಘಾಟಿಗೆ ಹೋಗಿಬರುವವರೆಲ್ಲ ಸೀನುತ್ತಿದ್ದರು. ನಾಗಪುರದ ಈ ಮಾರುಕಟ್ಟೆಯ ಪಕ್ಕದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಪ್ಲಾಂಟ್ ಎಂಜಿನಿಯರ್. ಮೇ ತಿಂಗಳಲ್ಲಿ ಹೊರಗೆ 45 ಡಿಗ್ರಿ ಇದ್ದರೂ ಒಳಗೆ ಮೆಣಸಿನಕಾಯಿ ತಣ್ಣಗಿರಬೇಕು. ಅಮೋನಿಯಾ ಕಂಪ್ರೆಸರ್ ನಿಂತರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ಮೊದಲು ಎಬ್ಬಿಸುವುದು ನನ್ನನ್ನೇ.

ಇಮೇಲ್ ಬಂದದ್ದು ದುಬೈನಿಂದ. ಅಲ್ಲಿಯ ಅಲ್ ಅವೀರ್ ಹಣ್ಣು-ತರಕಾರಿ ಮಾರುಕಟ್ಟೆಯ ಹತ್ತಿರ ಶೀತಲಗೃಹ ನಡೆಸುವ ಒಂದು ಕಂಪನಿ. ಕೆಲಸ ಇದೇ, ಸಂಬಳ ತಿಂಗಳಿಗೆ 6,500 ದಿರ್ಹಮ್, ಎರಡು ವರ್ಷದ ಕರಾರು. ಜೊತೆಗೆ ಕೆಲಸ ಮಾಡುವ ಗದಗಿನ ಹುಡುಗನಿಗೆ ತೋರಿಸಿದೆ. ಅವನು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆದು, "ಅಣ್ಣಾ, ಇಪ್ಪತ್ಮೂರಲೆ ಗುಣಸ್ರಿ. ಹತ್ತತ್ರ ಒಂದೂವರಿ ಲಕ್ಷ ಆತು! ಇನ್ನೇನ್ ವಿಚಾರ ಮಾಡ್ತೀರಿ?" ಅಂದ.

ವಿಚಾರ ಮಾಡಲು ಕಾರಣವಿತ್ತು. ಇದೇ ತಪ್ಪು ಲೆಕ್ಕವನ್ನು ನಾನು ಒಮ್ಮೆ ಮಾಡಿದ್ದೇನೆ.

ಮೊದಲ ವಲಸೆಯ ಪಾಠ

ಎಂಟು ವರ್ಷದ ಹಿಂದೆ ಬ್ಯಾಡಗಿಯಲ್ಲಿ ನನಗೆ 16,000 ರೂಪಾಯಿ ಸಂಬಳ. ಅಲ್ಲೂ ಮೆಣಸಿನಕಾಯಿ, ಅಲ್ಲೂ ಕೋಲ್ಡ್ ಸ್ಟೋರೇಜ್. ನಾಗಪುರದವರು 27,000 ಕೊಡುತ್ತೇವೆ ಎಂದಾಗ ತಿಂಗಳಿಗೆ 11,000 ಹೆಚ್ಚಾಯಿತೆಂದು ಹಿಗ್ಗಿ ಬಂದೆ. ವರ್ಷದ ಕೊನೆಗೆ ಪಾಸ್‌ಬುಕ್ ನೋಡಿದರೆ ಉಳಿದದ್ದು 14,000. ತಿಂಗಳಿಗಲ್ಲ, ವರ್ಷಕ್ಕೆ!

ಹಣ ಎಲ್ಲಿ ಹೋಯಿತೆಂದು ಹುಡುಕುವುದು ಕಷ್ಟವಾಗಲಿಲ್ಲ. ಊರಲ್ಲಿ ಸ್ವಂತ ಮನೆಯಿತ್ತು, ಇಲ್ಲಿ ಬಾಡಿಗೆ. ಊರಲ್ಲಿ ಜೋಳ ಹೊಲದಿಂದ, ಹಾಲು ದೊಡ್ಡಪ್ಪನ ಮನೆಯಿಂದ ಬರುತ್ತಿತ್ತು. ಇಲ್ಲಿ ಎಲ್ಲಕ್ಕೂ ಜೇಬಿಗೆ ಕೈ ಹಾಕಬೇಕು. ನಾಗಪುರದ ಬೇಸಿಗೆಗೆ ಕೂಲರ್ ಬೇಕು, ಕೂಲರಿಗೆ ಕರೆಂಟ್ ಬಿಲ್. ಹಬ್ಬ, ಮದುವೆ, ಸಾವು ಅಂತ ಊರಿಗೆ ಹೋಗಿಬರುವ ಖರ್ಚು ಬೇರೆ. ಊರಲ್ಲಿ ಖರ್ಚೆಂದೇ ಅನ್ನಿಸದಿದ್ದ ಎಲ್ಲಕ್ಕೂ ಇಲ್ಲಿ ಬಿಲ್ ಇತ್ತು. ನಾನು ಎರಡು ಸಂಬಳಗಳನ್ನು ಹೋಲಿಸಿದ್ದೆ, ಎರಡು ಬದುಕುಗಳನ್ನು ಹೋಲಿಸಿರಲಿಲ್ಲ.

ಒಂದೇ ದೇಶದೊಳಗೆ, ಒಂದೇ ರೂಪಾಯಿಯಲ್ಲಿ ಹೀಗಾದರೆ, ದೇಶವೂ ನಾಣ್ಯವೂ ಬದಲಾದಾಗ ಏನಾದೀತು?

ಗುಣಿಸುವುದರಲ್ಲಿ ಏನು ತಪ್ಪು?

ವಿನಿಮಯ ದರ ಹೇಳುವುದು ಒಂದು ನಾಣ್ಯ ಕೊಟ್ಟರೆ ಇನ್ನೊಂದು ಎಷ್ಟು ಸಿಗುತ್ತದೆ ಎಂಬುದನ್ನು ಮಾತ್ರ. ಆ ನಾಣ್ಯಕ್ಕೆ ಅಲ್ಲಿ ಏನು ಸಿಗುತ್ತದೆ ಎಂದು ಅದು ಹೇಳುವುದಿಲ್ಲ. ಇದಕ್ಕಾಗಿಯೇ ಅರ್ಥಶಾಸ್ತ್ರಜ್ಞರು ಕೊಳ್ಳುವ ಶಕ್ತಿಯ ಲೆಕ್ಕ ಇಟ್ಟಿದ್ದಾರೆ. ವಿಶ್ವಬ್ಯಾಂಕ್ ನೇತೃತ್ವದ ಅಂತರರಾಷ್ಟ್ರೀಯ ಹೋಲಿಕೆಯಲ್ಲಿ 2017ಕ್ಕೆ ಭಾರತದ ಅಂಕಿ ಡಾಲರ್‌ಗೆ 20.65 ರೂಪಾಯಿ. ಆಗ ಪೇಟೆಯಲ್ಲಿ ಡಾಲರ್ ದರ ಸುಮಾರು 65. ಅಂದರೆ ಅಮೆರಿಕದಲ್ಲಿ ಒಂದು ಡಾಲರ್‌ಗೆ ಬರುವಷ್ಟು ಸರಕು-ಸೇವೆ ನಮ್ಮಲ್ಲಿ ಸರಾಸರಿ 21 ರೂಪಾಯಿಯೊಳಗೆ ಸಿಗುತ್ತಿತ್ತು. 'ದಿ ಎಕನಾಮಿಸ್ಟ್' ಪತ್ರಿಕೆ 1986ರಿಂದ ಬಿಗ್ ಮ್ಯಾಕ್ ಬರ್ಗರ್ ಬೆಲೆ ಇಟ್ಟುಕೊಂಡು ದೇಶ ದೇಶಗಳ ನಾಣ್ಯ ಅಳೆಯುತ್ತಿರುವುದೂ ಇದೇ ಕಾರಣಕ್ಕೆ.

ನಾಗಪುರದವರಿಗೆ ಬರ್ಗರ್ ಯಾಕೆ, ತರ್ರಿ ಪೋಹಾ ಇದೆ. ಬೆಳಿಗ್ಗೆ ಗಾಡಿಯ ಮುಂದೆ ನಿಂತು 30 ರೂಪಾಯಿಗೆ ಒಂದು ಪ್ಲೇಟ್ ತಿಂದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಶಾರ್ಜಾದಲ್ಲಿರುವ ದಾವಣಗೆರೆ ಕಡೆಯ ಗೆಳೆಯನನ್ನು ಕೇಳಿದೆ. ಅಲ್ಲಿಯ ಉಡುಪಿ ಹೋಟೆಲಿನಲ್ಲಿ ಇಡ್ಲಿ-ವಡೆ-ಚಹಾ ಸೇರಿ ಅವನಿಗೆ 12 ದಿರ್ಹಮ್ ಬೀಳುತ್ತದಂತೆ, ನಮ್ಮ 276 ರೂಪಾಯಿ. ಹಾಗಂತ ಎಲ್ಲವೂ ಒಂಬತ್ತು ಪಟ್ಟು ದುಬಾರಿಯಲ್ಲ. ಪೆಟ್ರೋಲ್, ಎಲೆಕ್ಟ್ರಾನಿಕ್ಸ್ ಅಂಥವುಗಳಲ್ಲಿ ಅಷ್ಟು ಅಂತರವಿಲ್ಲ. ಮನುಷ್ಯನ ಶ್ರಮ ಮತ್ತು ಜಾಗ ಬೇಕಾದ ಬಾಡಿಗೆ, ಶಾಲೆ, ಕ್ಷೌರ, ರಿಪೇರಿಗಳಲ್ಲೇ ಅಂತರ ದೊಡ್ಡದು. ಸಂಸಾರಸ್ಥರ ಖರ್ಚಿನ ದೊಡ್ಡ ಪಾಲು ಹೋಗುವುದೂ ಅಲ್ಲೇ.

ಒಂದು ಆಫರ್, ಮೂರು ಲೆಕ್ಕ

ಗೆಳೆಯ ತನ್ನ ಬಿಲ್ಲುಗಳ ಫೋಟೊ ಕಳಿಸಿದ. ಭಾನುವಾರ ಮಗಳ ಹಳೇ ನೋಟ್‌ಬುಕ್ ತಗೊಂಡು ಕೂತೆ.

ಮೊದಲನೆಯದು ನಾಗಪುರದ ಲೆಕ್ಕ. ಪಿಎಫ್ ಕಡಿತವಾಗಿ ನನ್ನ ಕೈಗೆ 52,000, ಖಾಸಗಿ ಶಾಲೆಯಲ್ಲಿ ಪಾಠ ಮಾಡುವ ಹೆಂಡತಿಗೆ 18,000, ಒಟ್ಟು 70,000. ಬಾಡಿಗೆ 12,000, ಕರೆಂಟ್ 2,500, ಕಿರಾಣಿ-ಹಾಲು-ಗ್ಯಾಸ್ 14,000, ಮಗಳ ಶಾಲೆ ಮತ್ತು ಆಟೊ 5,500, ಪೆಟ್ರೋಲ್-ಫೋನ್ 5,000, ಔಷಧ-ವಿಮೆ 3,000, ಊರಲ್ಲಿರುವ ಅವ್ವನಿಗೆ 5,000, ಊರಿಗೆ ಓಡಾಟ-ಹಬ್ಬ 4,000. ಒಟ್ಟು 51,000. ಉಳಿಯುವುದು 19,000. ನನ್ನ ಮತ್ತು ಕಂಪನಿಯ ಪಿಎಫ್ ಪಾಲು 7,200 ಸೇರಿಸಿದರೆ 26,200.

ಎರಡನೆಯದು ಸಂಸಾರ ಸಮೇತ ಹೋದರೆ. 6,500 ದಿರ್ಹಮ್ ಸಂಬಳಕ್ಕೆ ದುಬೈನಲ್ಲಿ ಮನೆ ಕಷ್ಟ, ಶಾರ್ಜಾದಲ್ಲಿ ಒಂದು ಬೆಡ್‌ರೂಮಿನ ಹಳೇ ಫ್ಲ್ಯಾಟ್ ಹಿಡಿಯಬೇಕು. ಬಾಡಿಗೆ 2,500, ಕರೆಂಟ್-ನೀರು-ಇಂಟರ್ನೆಟ್ 600, ಕಿರಾಣಿ 1,200, ಭಾರತೀಯ ಪಠ್ಯಕ್ರಮದ ಶಾಲೆ ಮತ್ತು ಬಸ್ಸು 1,000, ನನ್ನ ಓಡಾಟ-ಫೋನ್ 500, ಹೆಂಡತಿ-ಮಗಳ ವೀಸಾ ಮತ್ತು ವಿಮೆಯನ್ನು ತಿಂಗಳಿಗೆ ಹಂಚಿದರೆ 300, ವರ್ಷಕ್ಕೊಮ್ಮೆ ಮೂವರ ವಿಮಾನ ಟಿಕೆಟ್ ತಿಂಗಳಿಗೆ 250, ಅವ್ವನಿಗೆ 220. ಒಟ್ಟು 6,570. ಆದಾಯಕ್ಕಿಂತ 70 ದಿರ್ಹಮ್ ಹೆಚ್ಚು! ಹೆಂಡತಿಗೆ ಅಲ್ಲಿ ಕೆಲಸ ಸಿಗುವವರೆಗೆ ಅವಳ 18,000ವೂ ಇಲ್ಲ. ಒಂದೂವರೆ ಲಕ್ಷದ ಸಂಬಳದಲ್ಲಿ ಉಳಿತಾಯ ಸೊನ್ನೆಗಿಂತ ಕೆಳಗೆ.

ಮೂರನೆಯದು ಒಬ್ಬನೇ ಹೋದರೆ. ಇನ್ನೂ ಕೆಲವರ ಜೊತೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚಕ್ಕೆ 900, ಊಟಕ್ಕೆ 800, ಓಡಾಟ-ಫೋನ್ 450, ಟಿಕೆಟ್ 100. ಒಟ್ಟು 2,250, ಉಳಿಯುವುದು 4,250. ನಾಗಪುರದ ಮನೆಯ ಖರ್ಚು ನಾನಿಲ್ಲದೆ 41,000ಕ್ಕೆ ಇಳಿಯಬಹುದು. ಹೆಂಡತಿಯ ಸಂಬಳ ಕಳೆದು ನಾನು ಕಳಿಸಬೇಕಾದದ್ದು 23,000, ಅಂದರೆ 1,000 ದಿರ್ಹಮ್. ಕೊನೆಗೆ ಉಳಿಯುವುದು 3,250 ದಿರ್ಹಮ್, 74,750 ರೂಪಾಯಿ.

ನೋಟ್‌ಬುಕ್ ಮುಚ್ಚಲಾಗಲಿಲ್ಲ. ಅಪ್ಪ ಬೋರ್‌ವೆಲ್ ಕೊರೆಸಲು ಮಾಡಿದ ಸಾಲ, ಅದರ ಮೇಲೆ ಅವರ ಆಸ್ಪತ್ರೆ ಖರ್ಚು, ಎಲ್ಲ ಸೇರಿ ನನ್ನ ಹೆಸರಿನಲ್ಲಿ ಇನ್ನೂ ಒಂಬತ್ತೂವರೆ ಲಕ್ಷ ಬಾಕಿಯಿದೆ. ಬಡ್ಡಿ ಬದಿಗಿಟ್ಟರೂ ಇಲ್ಲಿಯ 19,000ದಲ್ಲಿ ತೀರಲು 50 ತಿಂಗಳು. ಅಲ್ಲಿ ಒಬ್ಬನೇ ಇದ್ದರೆ ಹದಿಮೂರೇ ತಿಂಗಳು.

ಆಫರ್ ಪತ್ರದಲ್ಲಿ ನೋಡಬೇಕಾದದ್ದು

ನನ್ನ ಕಥೆ ಹೇಗೂ ಇರಲಿ, ಕೊಲ್ಲಿ ದೇಶಕ್ಕೆ ಹೊರಡುವವರು ಕೆಲವು ಸಂಗತಿ ಗಮನಿಸಬೇಕು.

ಒಂದು, ಸಂಬಳದ ಒಡಕು. ನನಗೆ ಬಂದ 6,500ರಲ್ಲಿ ಮೂಲವೇತನ 3,000 ಮಾತ್ರ, ಉಳಿದದ್ದು ಭತ್ಯೆ. ಯುಎಇ ಕಾನೂನಿನಂತೆ ಕೆಲಸ ಬಿಡುವಾಗಿನ ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಸಂಬಳ, ಅದೂ ಮೂಲವೇತನದ ಮೇಲೆ. ಅಂದರೆ ನನಗೆ ವರ್ಷಕ್ಕೆ 2,100 ದಿರ್ಹಮ್. ಒಟ್ಟು ಸಂಬಳದ ಮೇಲೆ ಅಂದುಕೊಂಡರೆ 4,550 ಆಗುತ್ತಿತ್ತು. ಇಲ್ಲಿಯ ಪಿಎಫ್‌ನಂತೆ ಅಲ್ಲಿ ನಮಗೆ ಪ್ರತಿ ತಿಂಗಳು ಕಡ್ಡಾಯ ಉಳಿತಾಯವಿಲ್ಲ, ನಾವೇ ಎತ್ತಿಡಬೇಕು.

ಎರಡು, ತೆರಿಗೆ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ, ಖರೀದಿಯ ಮೇಲೆ 2018ರಿಂದ ಶೇ 5 ವ್ಯಾಟ್ ಇದೆ. ಆದರೆ ಹೊರಡುವ ತಿಂಗಳು ಮುಖ್ಯ. ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ. ಸೆಪ್ಟೆಂಬರ್ ದಾಟಿ ಹೊರಟರೆ ಆ ವರ್ಷಕ್ಕೆ ನೀವು ನಿವಾಸಿಯೇ, ಅಲ್ಲಿಯ ಸಂಬಳವೂ ಇಲ್ಲಿಯ ತೆರಿಗೆ ಲೆಕ್ಕಕ್ಕೆ ಬರಬಹುದು.

ಮೂರು, ನಾಣ್ಯ. 1997ರಿಂದ ದಿರ್ಹಮ್ ಡಾಲರ್‌ಗೆ 3.6725ರಂತೆ ಕಟ್ಟಿಕೊಂಡಿದೆ. ರೂಪಾಯಿ ಕುಸಿದಂತೆ ದಿರ್ಹಮ್ ಬೆಲೆ ಏರುತ್ತದೆ. 2010ರಲ್ಲಿ ಸುಮಾರು 12.50 ಇದ್ದದ್ದು ಈಗ 23 ದಾಟಿದೆ. ಊರಿಗೆ ಹಣ ಕಳಿಸುವವರಿಗೆ, ರೂಪಾಯಿ ಸಾಲ ತೀರಿಸುವವರಿಗೆ ಇದು ಲಾಭ. ದುಡಿದದ್ದೆಲ್ಲ ಅಲ್ಲೇ ಖರ್ಚು ಮಾಡುವ ಸಂಸಾರಸ್ಥನಿಗೆ ಇದರಿಂದ ಬಿಡಿಗಾಸೂ ಇಲ್ಲ.

ನಾಲ್ಕು, ಏಜೆಂಟ್. ಭಾರತದಲ್ಲಿ ನೋಂದಾಯಿತ ನೇಮಕಾತಿ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ನೋಂದಣಿ ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಲಕ್ಷಗಟ್ಟಲೆ ಕೇಳಿದರೆ, ಇಲ್ಲವೇ ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸಿಕೊಳ್ಳಿ ಎಂದರೆ, ಅಲ್ಲಿಂದಲೇ ಎದ್ದು ಬನ್ನಿ.

ಬಿಟ್ಟುಹೋದ ಒಂದು ಕಾಲಂ

ರಾತ್ರಿ ಊಟವಾದ ಮೇಲೆ ನೋಟ್‌ಬುಕ್ ಹೆಂಡತಿಯ ಮುಂದಿಟ್ಟೆ. ಶಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದುವ ಹಾಗೆ ಸಾಲು ಸಾಲು ಓದಿದಳು. ಕಿರಾಣಿ ಕಡಿಮೆ ಹಾಕಿದ್ದೀರಿ ಎಂದಳು. ಕೊನೆಗೆ ಕೇಳಿದಳು: "ಹದಿಮೂರು ತಿಂಗಳಿಗೆ ಸಾಲ ತೀರತೈತಿ, ಖರೇ. ತೀರಿದ ಮ್ಯಾಲ ನೀವು ತಿರುಗಿ ಬರೂದನ್ನ ಯಾವ ಕಾಲಂನ್ಯಾಗ ಬರ್ದೀರಿ?"

ಬರೆದಿರಲಿಲ್ಲ. ಎರಡು ವರ್ಷಕ್ಕೆಂದು ಹೋಗಿ ಹನ್ನೆರಡು ವರ್ಷವಾದವರು ನಮಗಿಬ್ಬರಿಗೂ ಗೊತ್ತು. ಶಾರ್ಜಾದ ಗೆಳೆಯನೇ ಅಂಥವನು. ಸಾಲ ತೀರಿದ ಮೇಲೆ ಮನೆ, ಮನೆಯ ಮೇಲೆ ಇನ್ನೊಂದು ಅಂತಸ್ತು, ಆಮೇಲೆ ತಂಗಿಯ ಮದುವೆ. ಪ್ರತಿ ಬಾರಿಯೂ ಲೆಕ್ಕ ಸರಿಯಾಗಿಯೇ ಇತ್ತು, ಅವನು ಮಾತ್ರ ಊರಿಗೆ ಬರಲಾಗಲಿಲ್ಲ. ನನ್ನ ಮಗಳಿಗೆ ಈಗ ಆರು ವರ್ಷ.

ಆಫರ್ ಕೊಟ್ಟವರಿಗೆ ಒಂದು ಪತ್ರ ಬರೆದೆ: ಸಂಸಾರಕ್ಕೆ ಮನೆ ಕೊಟ್ಟರೆ ಬರುತ್ತೇನೆ. ಒಬ್ಬರಿಗೆ ಮಾತ್ರ ವಸತಿ ಎಂದು ಉತ್ತರ ಬಂತು. ನಾನು ಬೇಡವೆಂದೆ.

ಎರಡು ತಿಂಗಳ ನಂತರ ಅದೇ ಕಂಪನಿಗೆ ಗದಗಿನ ಹುಡುಗ ಹೋದ, ನನಗಿಂತ ಕಡಿಮೆ ಸಂಬಳಕ್ಕೆ. ಅವನಿಗಿನ್ನೂ ಮದುವೆಯಾಗಿಲ್ಲ, ಕಂಪನಿಯೇ ಕೋಣೆ ಕೊಟ್ಟಿದೆ, ಅಕ್ಕನ ಮದುವೆಯ ಸಾಲ ತೀರಿಸಬೇಕು. ಹೋಗುವ ಮುಂಚೆ ಅವನನ್ನು ಕೂರಿಸಿಕೊಂಡು ಅವನ ಲೆಕ್ಕವನ್ನೂ ಬರೆಸಿದೆ, ತಿರುಗಿ ಬರುವ ತಿಂಗಳು-ವರ್ಷ ಸಮೇತ. ಹೋಗಬೇಡ ಎನ್ನಲು ಒಂದು ಕಾರಣವೂ ಸಿಗಲಿಲ್ಲ. ಅವನು ಮಾಡಿದ್ದೂ ಸರಿ, ನಾನು ಮಾಡಿದ್ದೂ ಸರಿ ಎಂದುಕೊಂಡಿದ್ದೇನೆ.

ಸುಳ್ಳು ಯಾಕೆ ಹೇಳಲಿ, ಪ್ರತಿ ತಿಂಗಳು ಐದನೇ ತಾರೀಖು ಬ್ಯಾಂಕಿಗೆ ಕಂತು ಹೋದ ಮೆಸೇಜ್ ಬಂದಾಗ ಆ 74,750 ನೆನಪಾಗುತ್ತದೆ. ಹೆಂಡತಿ ಸಂಜೆ ಟ್ಯೂಷನ್ ಶುರು ಮಾಡಿದ್ದಾಳೆ. ನಾನು ರಾತ್ರಿ ಪಾಳಿಯ ಹೆಚ್ಚುವರಿ ಕೆಲಸ ಒಪ್ಪಿಕೊಂಡಿದ್ದೇನೆ. 50 ತಿಂಗಳು ಈಗ 41ಕ್ಕೆ ಬಂದಿದೆ.

ನಿಮಗೂ ಅಂಥ ಇಮೇಲ್ ಬಂದರೆ ಗುಣಿಸುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಮೂರು ಲೆಕ್ಕ ಬರೆಯಿರಿ: ಇಲ್ಲಿ, ಅಲ್ಲಿ ಎಲ್ಲರೂ, ಅಲ್ಲಿ ಒಬ್ಬರೇ. ಅಲ್ಲಿರುವ ಪರಿಚಯದವರಿಂದ ಅಭಿಪ್ರಾಯ ಕೇಳಬೇಡಿ, ಬಿಲ್ಲು ಕೇಳಿ. ತಿರುಗಿ ಬರುವ ಕಾಲಂ ತುಂಬಿ. ಆಮೇಲೆ ಮನೆಯಲ್ಲಿ ತಿದ್ದುವವರ ಕೈಗೆ ಕೊಡಿ.