ಆಕಳು ನೆಲ ಹಿಡಿದ ರಾತ್ರಿ ಯಾರ್ಯಾರು ಏನೇನು ಮಾಡಬೇಕು?

ನಾನು ಓದಿದ್ದು ತೋಟಗಾರಿಕೆ. ಮೆಣಸಿನ ಗಿಡದ ಎಲೆ ಮುದುಡಿದ್ರೆ ಕಾರಣ ಹೇಳಬಲ್ಲೆ. ಆದ್ರೆ ಸಾವಯವ ಅಂದಮೇಲೆ ಸಗಣಿ ಬೇಕು, ಸಗಣಿಗೆ ದನ ಬೇಕು. ಹಾಗಾಗಿ ಕುಂದಗೋಳ ಕಡೆಯ ನಮ್ಮ ಎರಿ ಹೊಲದ ಮನೆಯಲ್ಲಿ ಒಂದು ಎಚ್‌ಎಫ್ ಕ್ರಾಸ್ ಆಕಳು ಕಟ್ಟಿದ್ದೆ. ಮೂರನೇ ಸಲ ಕರು ಹಾಕಿದ ಮರುದಿನ ಸಂಜೆ ಕೂತದ್ದು ಏಳಲೇ ಇಲ್ಲ. ಕುತ್ತಿಗೆ ಪಕ್ಕೆಯ ಕಡೆ ತಿರುಗಿತ್ತು, ಕಿವಿ ತಣ್ಣಗಿದ್ದವು.

ಓಣಿಯ ಎಂಟು-ಹತ್ತು ಮಂದಿ ಸೇರಿದರು. ಒಬ್ಬರು ಬಾಲ ತಿರುವಿದರು, ಇನ್ನೊಬ್ಬರು ಎಣ್ಣೆ ಕೇಳಿದರು. ಕಾಕಾ ಗೊಟ್ಟದಲ್ಲಿ ಬೆಲ್ಲದ ನೀರು ಕುಡಿಸಿದರು. ಹಿರಿಯರಿಗೆ ಬ್ಯಾಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಡಾಕ್ಟರ್ ಬಂದು ಕ್ಯಾಲ್ಸಿಯಂ ಕೊಟ್ಟ ಮೇಲೆ ಆಕಳು ಎದ್ದು ನಿಂತಿತು. ಆದರೆ ಬೆಲ್ಲದ ನೀರು ಶ್ವಾಸಕೋಶಕ್ಕೆ ಇಳಿದಿತ್ತು. ನಾಲ್ಕನೇ ದಿನ ಸತ್ತಿತು.

ಅದಕ್ಕೆ ಬಂದದ್ದು ಹಾಲು ಜ್ವರ. ಹೆಸರಲ್ಲಿ ಜ್ವರ ಇದ್ದರೂ ಮೈ ತಣ್ಣಗಾಗುತ್ತೆ. ಹೆಚ್ಚಾಗಿ ಕರು ಹಾಕಿದ ಮೂರು ದಿನದೊಳಗೆ, ಅದರಲ್ಲೂ ಮೂರನೇ ಕರುವಿನ ನಂತರದ ಹೆಚ್ಚು ಹಾಲಿನ ಆಕಳುಗಳಿಗೆ ಬರುತ್ತೆ. ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಗಿಣ್ಣದ ಹಾಲಿಗೆ ಹೋಗಿಬಿಡುವುದರಿಂದ ಸ್ನಾಯುಗಳು ಸೋಲುತ್ತವೆ. ನುಂಗುವುದೂ ಸ್ನಾಯುವಿನ ಕೆಲಸವೇ ಅಲ್ವಾ? ಅದಕ್ಕೇ ನೆಲ ಹಿಡಿದ ದನದ ಬಾಯಿಗೆ ನೀರು, ಎಣ್ಣೆ, ಗಂಜಿ ಏನೂ ಹಾಕಬಾರದು.

ದೊಡ್ಡ ಪಶು ಆಸ್ಪತ್ರೆಗಳ ತುರ್ತು ಘಟಕದಲ್ಲಿ ಡಾಕ್ಟರ್ ಜೊತೆ ನರ್ಸ್‌ಗಳ ತಂಡ, ಅದಕ್ಕೊಬ್ಬ ಮುಖ್ಯಸ್ಥರು ಇರುತ್ತಾರೆ. ಪಾಳಿ ಬದಲಾಗುವಾಗ ಚಾರ್ಟ್ ತೋರಿಸಿ, ಹೇಳಿ ಹೋಗುತ್ತಾರೆ. ನಮ್ಮಲ್ಲಿ ಡಾಕ್ಟರ್ ಸೂಜಿ ಹಾಕಿ ಮುಂದಿನ ಊರಿಗೆ ಹೋಗಲೇಬೇಕು. ಉಳಿದ ರಾತ್ರಿಗೆ ನಾವೇ ನರ್ಸ್‌ಗಳು. ಹತ್ತು ಮಂದಿ ಇದ್ದು ಮುಖ್ಯಸ್ಥರಿಲ್ಲದಿದ್ದರೆ ಏನಾಗುತ್ತೆ ಅಂತ ನಾನು ನೋಡಿದ್ದೇನೆ.

ಮುಖ್ಯಸ್ಥರು ಯಾರಾಗಬೇಕು? ನನ್ನ ಪ್ರಕಾರ ದಿನಾ ಹಾಲು ಹಿಂಡುವವರು. ನಮ್ಮನೇಲಿ ಅವ್ವ. ಆಕಳಿನ ಉಸಿರು ಬದಲಾದರೂ ಅವಳಿಗೆ ಮೊದಲು ಗೊತ್ತಾಗುತ್ತೆ. ಡಿಗ್ರಿ ಇದೆ ಅಂತ ನಾನು ಮುಂದೆ ನಿಂತರೆ ಕೆಲಸ ಕೆಡುತ್ತೆ.

ಫೋನ್ ಒಬ್ಬರ ಕೈಯಲ್ಲೇ ಇರಲಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962, ಜೊತೆಗೆ ಹತ್ತಿರದ ಪಶು ಆಸ್ಪತ್ರೆಯ ಡಾಕ್ಟರ್ ನಂಬರನ್ನು ಇವತ್ತೇ ಸೇವ್ ಮಾಡಿಕೊಳ್ಳಿ. ಎಷ್ಟನೇ ಕರು, ಹಾಕಿ ಎಷ್ಟು ತಾಸಾಯ್ತು, ಯಾವಾಗಿನಿಂದ ಎದ್ದಿಲ್ಲ, ಸಗಣಿ-ಮೂತ್ರ ಆಗಿದೆಯಾ, ಮೈ ಶಾಖ ಎಷ್ಟು: ಇಷ್ಟು ಹೇಳಿ. ಮಳೆಗಾಲದಲ್ಲಿ ಎರಿ ನೆಲದ ದಾರಿಗೆ ಗಾಡಿ ಇಳಿಯೋದಿಲ್ಲ, ಒಬ್ಬರು ಟ್ರ್ಯಾಕ್ಟರ್ ತಗೊಂಡು ಡಾಂಬರು ರಸ್ತೆಯಲ್ಲಿ ನಿಂತಿರಬೇಕು.

ಗಟ್ಟಿ ತೋಳಿನವರಿಬ್ಬರು ದನದ ಹತ್ತಿರ ಇರಲಿ. ಆಕಳು ಎದೆಯ ಮೇಲೆ ಕೂತಿರಬೇಕು. ಅಡ್ಡ ಮಲಗಿದರೆ ಗ್ಯಾಸ್ ಹೊರಗೆ ಬರದೆ ಹೊಟ್ಟೆ ಉಬ್ಬಿ ಸಾಯಬಹುದು. ಹೊಟ್ಟು ತುಂಬಿದ ಚೀಲ ಎರಡೂ ಕಡೆ ಆನಿಸಿ. ಕೆಳಗೆ ದಪ್ಪಗೆ ಕಣಕಿ ಹಾಸಿ. ಎರಡು-ಮೂರು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಕೆಳಗಿನ ಕಾಲಿನ ಸ್ನಾಯು ತನ್ನದೇ ಭಾರಕ್ಕೆ ಸತ್ತು, ಕ್ಯಾಲ್ಸಿಯಂ ಕೊಟ್ಟರೂ ಏಳೋದಿಲ್ಲ.

ಇನ್ನೊಬ್ಬರು ಬರೆಯಬೇಕು. ಡಿಜಿಟಲ್ ಥರ್ಮಾಮೀಟರನ್ನು ಗುದದ್ವಾರದಲ್ಲಿಟ್ಟು ನೋಡಿ: 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸರಿ. ಎಡ ಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿದರೆ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ತಿರುಗುವುದು ಕೈಗೆ ತಿಳಿಯಬೇಕು. ಇದನ್ನೆಲ್ಲ ಟೈಮ್ ಹಾಕಿ ಬರೆದು, ಫೋಟೊ ತೆಗೆದು ಡಾಕ್ಟರ್‌ಗೆ ಕಳಿಸಿ.

ಯೂಟ್ಯೂಬ್ ನೋಡಿ ಕ್ಯಾಲ್ಸಿಯಂ ಬಾಟಲಿಯನ್ನು ನೀವೇ ನರಕ್ಕೆ ಏರಿಸಬೇಡಿ. ರಭಸವಾಗಿ ಹೋದರೆ ಹೃದಯ ನಿಂತುಬಿಡುತ್ತೆ. ಡಾಕ್ಟರ್ ಎದೆಬಡಿತ ಕೇಳುತ್ತಾ ನಿಧಾನ ಬಿಡುತ್ತಾರೆ. ಆಕಳು ಎದ್ದಿತೆಂದು ಎಲ್ಲರೂ ಮಲಗಬೇಡಿ, ಒಂದೆರಡು ದಿನದಲ್ಲಿ ಮತ್ತೆ ಬೀಳುವುದುಂಟು. ಮೊದಲ ದಿನ ಕೆಚ್ಚಲು ಪೂರ್ತಿ ಹಿಂಡದೆ, ಕರುವಿಗೆ ಬೇಕಾದಷ್ಟೇ ತೆಗೆಯಿರಿ.

ಹೋದ ಮಳೆಗಾಲದಲ್ಲಿ ಈಗಿನ ಆಕಳೂ ಹೀಗೇ ಕೂತಿತು. ಕಾಕಾ ಗೊಟ್ಟ ಹಿಡಿದೇ ಬಂದರು. "ಕಾಕಾ, ಗೊಟ್ಟ ಬ್ಯಾಡ್ರಿ. ಎರಿಯೊಳಗ ನಿಮ್ಮಂಗ ಟ್ರ್ಯಾಕ್ಟರ್ ಹೊಡೆಯೋರು ಯಾರಿಲ್ಲ, ಡಾಕ್ಟರನ್ನ ಕರ್ಕೊಂಡ ಬರ್ರಿ" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿ, ಗೊಟ್ಟ ಗೋಡೆಗೆ ಆನಿಸಿಟ್ಟು ಹೋದರು. ಡಾಕ್ಟರ್ ಬಂದು ಹೋದ ಸ್ವಲ್ಪ ಹೊತ್ತಿಗೆ ಆಕಳು ಸಗಣಿ ಹಾಕಿ, ತೂರಾಡುತ್ತಾ ಎದ್ದಿತು. ಅವ್ವ ಟೈಮ್ ಬರೆಸಿ, "ಎರಡರತನಕ ನಾ ಇರ್ತೀನಿ, ಆಮ್ಯಾಲೆ ನೀ ಬಾ" ಅಂದಳು.